ಹೊರಡುವುದು ಸರಿ, ಎಲ್ಲಿಗೆ? ಬ್ರೆಕ್ಸಿಟ್ ಜನಮತ ಮತ್ತು ಎರಡನೇ ಮತದಾನದ ಜಗಳ: ಒಂದು ಪ್ರಕರಣ ಅಧ್ಯಯನ

2016ರ ಜೂನ್ 23ರ ಬ್ರಿಟಿಷ್ ಜನಮತಗಣನೆಯ ಲೆಕ್ಕ ಸ್ಪಷ್ಟವಾಗಿತ್ತು. ಐರೋಪ್ಯ ಒಕ್ಕೂಟ ಬಿಡಬೇಕು, ಅಂದರೆ ಬ್ರೆಕ್ಸಿಟ್ ಬೇಕು, ಎಂದು ಮತ ಹಾಕಿದವರು 1,74,10,742 ಮಂದಿ. ಒಕ್ಕೂಟದಲ್ಲೇ ಇರಬೇಕು ಎಂದವರು 1,61,41,241. ನಡುವಿನ ಅಂತರ 12,69,501. ಮತದಾನ ಶೇ 72.2. ಇಡೀ ದೇಶದಲ್ಲಿ ತಿರಸ್ಕೃತವಾದ ಮತಪತ್ರಗಳು 25,359 ಮಾತ್ರ. ಜಗಳ ಎದ್ದದ್ದು ಈ ಅಂಕಿಗಳು ದೇಶವನ್ನು ಯಾವ ಕೆಲಸಕ್ಕೆ ಕಟ್ಟಿಹಾಕುತ್ತವೆ ಎಂಬ ವಿಷಯದಲ್ಲಿ. ಆ ಜಗಳ ಮೂರೂವರೆ ವರ್ಷ ನಡೆಯಿತು. ಇಬ್ಬರು ಪ್ರಧಾನಿಗಳು ಹುದ್ದೆ ಬಿಟ್ಟರು, ಎರಡು ಸಾರ್ವತ್ರಿಕ ಚುನಾವಣೆಗಳು ನಡೆದವು, ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ಎರಡು ಬಾರಿ ಸೋತಿತು.

ಈ ಪ್ರಕರಣವನ್ನು ಸಾಮಾನ್ಯವಾಗಿ ಎರಡು ನೀತಿಗಳ ಕಾದಾಟವಾಗಿ ಹೇಳುತ್ತಾರೆ. ಜನ ಹೇಳಿದ್ದನ್ನು ನಡೆಸಿಕೊಡಬೇಕು ಎನ್ನುವವರು ಒಂದು ಕಡೆ, ಜನರಿಗೆ ಮನಸ್ಸು ಬದಲಿಸುವ ಹಕ್ಕಿದೆ ಎನ್ನುವವರು ಇನ್ನೊಂದು ಕಡೆ. ಎರಡೂ ಮಾತು ನಿಜ, ಆದ್ದರಿಂದಲೇ ಅವುಗಳಿಂದ ಏನೂ ಇತ್ಯರ್ಥವಾಗುವುದಿಲ್ಲ. ಫಲಿತಾಂಶವನ್ನು ಜಾರಿ ಮಾಡುವುದೂ ಮರುಪರಿಶೀಲಿಸುವುದೂ ಅಷ್ಟು ಕಷ್ಟವಾದದ್ದಕ್ಕೆ ಕಾರಣವನ್ನು ಜನಮತಗಣನೆಗಾಗಿ ಮಾಡಿದ 2015ರ ಕಾಯ್ದೆಯ ರಚನೆಯಲ್ಲಿ, 2019ರ ಕ್ಯಾಲೆಂಡರಿನಲ್ಲಿ, ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ ಮತ ಎಣಿಸಿದ ಕ್ರಮದಲ್ಲಿ ಹುಡುಕಬೇಕು.

ಕಾಯ್ದೆಯಲ್ಲಿ ಏನಿರಲಿಲ್ಲ

ಐರೋಪ್ಯ ಒಕ್ಕೂಟ ಜನಮತಗಣನೆ ಕಾಯ್ದೆಗೆ 2015ರ ಡಿಸೆಂಬರ್ 17ರಂದು ರಾಣಿಯ ಅಂಕಿತ ಬಿತ್ತು. ಯಾರು ಮತ ಹಾಕಬಹುದು, ಎಷ್ಟು ಖರ್ಚು ಮಾಡಬಹುದು, ಪ್ರಶ್ನೆ ಹೇಗಿರಬೇಕು ಎಂಬುದನ್ನೆಲ್ಲ ಅದು ಅಚ್ಚುಕಟ್ಟಾಗಿ ಹೇಳಿತ್ತು. ಸರ್ಕಾರ ಮೊದಲು ಇಟ್ಟಿದ್ದದ್ದು ‘ಒಕ್ಕೂಟದ ಸದಸ್ಯನಾಗಿ ಉಳಿಯಬೇಕೆ’ ಎಂಬ ಹೌದು–ಇಲ್ಲ ಪ್ರಶ್ನೆ. ಅದು ‘ಉಳಿಯುವ’ ಕಡೆಗೆ ವಾಲುತ್ತದೆ ಎಂದು ಚುನಾವಣಾ ಆಯೋಗ 2015ರ ಸೆಪ್ಟೆಂಬರಿನಲ್ಲಿ ಸಲಹೆ ಕೊಟ್ಟಿತು. ಪ್ರಶ್ನೆಯಲ್ಲೇ ‘ಉಳಿಯಬೇಕೆ ಅಥವಾ ಹೊರಡಬೇಕೆ’ ಎಂದು ಎರಡೂ ಆಯ್ಕೆಗಳು ಸೇರಿದ್ದು ಆಮೇಲೆ. ಪದಗಳ ಸಮತೋಲಕ್ಕೆ ಇಷ್ಟು ಕಾಳಜಿ ವಹಿಸಿದವರು ‘ಹೊರಡು’ ಎಂದರೆ ಎಲ್ಲಿಗೆ ಎಂದು ಬರೆದಿಡಲಿಲ್ಲ. ನಾರ್ವೆಯಂತೆ ಏಕ ಮಾರುಕಟ್ಟೆಯಲ್ಲಿ (ಸರಕು, ಸೇವೆ, ಹಣ, ಜನ ತಡೆಯಿಲ್ಲದೆ ಓಡಾಡುವ ವ್ಯವಸ್ಥೆ) ಉಳಿದುಕೊಂಡು ಹೊರಡುವುದೂ, ಟರ್ಕಿಯಂತೆ ಕಸ್ಟಮ್ಸ್ ಒಕ್ಕೂಟ (ಪರಸ್ಪರ ಸುಂಕವಿಲ್ಲ, ಹೊರಗಿನವರಿಗೆ ಒಂದೇ ಸುಂಕ) ಇಟ್ಟುಕೊಂಡು ಹೊರಡುವುದೂ, ಯಾವ ಒಪ್ಪಂದವೂ ಇಲ್ಲದೆ ಹೊರಡುವುದೂ ಅದೇ ಒಂದು ಚೌಕದ ಗುರುತಿನಲ್ಲಿ ಅಡಗಿದ್ದವು.

ಎರಡನೆಯ ಕೊರತೆ ಫಲಿತಾಂಶದ ಪರಿಣಾಮಕ್ಕೆ ಸಂಬಂಧಿಸಿದ್ದು. ನಾಲ್ಕೇ ವರ್ಷ ಹಿಂದೆ, 2011ರ ಮೇ 5ರಂದು, ಸಂಸತ್ ಚುನಾವಣೆಯ ಮತ ಪದ್ಧತಿ ಬದಲಿಸಬೇಕೆ ಎಂದು ಬ್ರಿಟನ್ ಜನಮತ ಕೇಳಿತ್ತು. ಆ ಸಲದ ಕಾಯ್ದೆಯಲ್ಲಿ ಬದಲಾವಣೆಯ ಪೂರ್ಣ ಪಠ್ಯವೇ ಇತ್ತು. ‘ಹೌದು’ ಹೆಚ್ಚಾದರೆ ಅದನ್ನು ಜಾರಿಗೆ ತರುವ ಆದೇಶವನ್ನು ಸಚಿವರು ಹೊರಡಿಸಲೇಬೇಕು ಎಂಬ ಸೆಕ್ಷನ್ನೂ ಇತ್ತು. 2015ರ ಕಾಯ್ದೆಯಲ್ಲಿ ಅಂಥ ಒಂದು ಸಾಲೂ ಇಲ್ಲ. ಫಲಿತಾಂಶ ಜಾರಿ ಮಾಡಲು ಮಸೂದೆಯಲ್ಲಿ ಯಾವ ಬಾಧ್ಯತೆಯೂ ಇಲ್ಲವೆಂದು ಕಾಮನ್ಸ್ ಗ್ರಂಥಾಲಯದ 2015ರ ಜೂನ್ ಟಿಪ್ಪಣಿ ಸಂಸದರಿಗೆ ಮೊದಲೇ ತಿಳಿಸಿತ್ತು. ಓದಿದವರು ಎಷ್ಟು ಮಂದಿಯೋ.

ಅದೇ ಜೂನ್‌ನಲ್ಲಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯವರು ಒಂದು ತಿದ್ದುಪಡಿ ತಂದರು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ನಾಲ್ಕೂ ಕಡೆ ಬಹುಮತ ಬಂದರೆ ಮಾತ್ರ ಹೊರಡಬೇಕು ಎಂಬುದು ಅದರ ಸಾರ. ಇದು ಸಲಹಾತ್ಮಕ ಮತದಾನ, ಅಂಥ ಮಿತಿ ಬೇಕಿಲ್ಲ ಎಂಬುದು ಸರ್ಕಾರದ ಉತ್ತರವಾಗಿತ್ತು. ತಿದ್ದುಪಡಿ ಬಿದ್ದುಹೋಯಿತು. ಮುಂದೆ ಇಂಗ್ಲೆಂಡ್ ಶೇ 53.4, ವೇಲ್ಸ್ ಶೇ 52.5 ‘ಲೀವ್’ (ಹೊರಡು) ಎಂದವು. ಸ್ಕಾಟ್ಲೆಂಡ್ ಶೇ 62, ಉತ್ತರ ಐರ್ಲೆಂಡ್ ಶೇ 55.8 ‘ರಿಮೇನ್’ (ಉಳಿ) ಎಂದವು. ಮಿತಿ ಹಾಕುವುದು ಬ್ರಿಟನ್ನಿಗೆ ಹೊಸದೇನಲ್ಲ. 1979ರಲ್ಲಿ ಸ್ಕಾಟ್ಲೆಂಡ್ ವಿಧಾನಸಭೆಯ ಜನಮತಗಣನೆಗೆ ಒಟ್ಟು ಮತದಾರರಲ್ಲಿ ಶೇ 40 ಮಂದಿ ಒಪ್ಪಬೇಕು ಎಂಬ ಷರತ್ತಿತ್ತು. ಹಾಕಿದ ಮತಗಳಲ್ಲಿ ಶೇ 51.6 ‘ಹೌದು’ ಬಂದರೂ ಅದು ಒಟ್ಟು ಮತದಾರರ ಶೇ 32.9 ಮಾತ್ರ ಆಯಿತು, ವಿಧಾನಸಭೆ ಹುಟ್ಟಲಿಲ್ಲ. ಆ ಕಹಿ ಸ್ಕಾಟ್ಲೆಂಡಿನಲ್ಲಿ ಹದಿನೆಂಟು ವರ್ಷ ಉಳಿದಿತ್ತು. ಮಿತಿಗೂ ತನ್ನದೇ ಬೆಲೆ ಇದೆ. ಆದರೆ ಅದನ್ನು ಮತದಾನಕ್ಕೆ ಮೊದಲೇ ತೆರಬೇಕು, ಆಮೇಲೆ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ.

ಇಷ್ಟೆಲ್ಲ ‘ಸಲಹಾತ್ಮಕ’ ಎಂದುಕೊಂಡ ಅದೇ ಸರ್ಕಾರ 2016ರ ಏಪ್ರಿಲ್‌ನಲ್ಲಿ 93 ಲಕ್ಷ ಪೌಂಡ್ ಖರ್ಚು ಮಾಡಿ ಮನೆಮನೆಗೆ ಕರಪತ್ರ ಹಂಚಿತು. ನಿರ್ಧಾರ ನಿಮ್ಮದು, ನೀವು ಏನು ನಿರ್ಧರಿಸುತ್ತೀರೋ ಅದನ್ನು ಸರ್ಕಾರ ಜಾರಿ ಮಾಡುತ್ತದೆ ಎಂದು ಅದರಲ್ಲಿ ಅಚ್ಚಾಗಿತ್ತು. ಕಾಯ್ದೆಯ ಪ್ರಕಾರ ಸಲಹೆ, ಕರಪತ್ರದ ಪ್ರಕಾರ ಆಜ್ಞೆ. ಮುಂದಿನ ಜಗಳದ ಎರಡೂ ಪಕ್ಷಗಳು ತಮ್ಮ ತಮ್ಮ ದಾಖಲೆಯನ್ನು ಇಲ್ಲಿಂದಲೇ ಎತ್ತಿಕೊಂಡವು. ‘ಲೀವ್’ ಗೆದ್ದರೆ ಏನು ಮಾಡಬೇಕೆಂದು ತಯಾರಿ ಮಾಡದಂತೆ ಅಧಿಕಾರಿಗಳಿಗೆ ಸೂಚಿಸಿದ್ದನ್ನು ಕಾಮನ್ಸ್ ಸಭೆಯ ವಿದೇಶಾಂಗ ಸಮಿತಿ 2016ರ ಜುಲೈನಲ್ಲಿ ಘೋರ ನಿರ್ಲಕ್ಷ್ಯ ಎಂದು ಕರೆಯಿತು.

ಮತದಾರರ ಪಟ್ಟಿಯ ವಿಷಯ ಕನ್ನಡಿಗರಿಗೂ ತಾಗುತ್ತದೆ. ಸಂಸತ್ ಚುನಾವಣೆಯ ಪಟ್ಟಿಯನ್ನೇ ಬಳಸಿದ್ದರಿಂದ ಬ್ರಿಟನ್ನಿನಲ್ಲಿ ನೆಲೆಸಿದ ಕಾಮನ್‌ವೆಲ್ತ್ ಪ್ರಜೆಗಳಿಗೆ ಮತವಿತ್ತು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿ ದುಡಿಯುತ್ತಿದ್ದ ಬೆಂಗಳೂರಿನ ಸಾಫ್ಟ್‌ವೇರ್ ನೌಕರ, ಮಂಗಳೂರಿನ ನರ್ಸ್ ಹೆಸರು ನೋಂದಾಯಿಸಿಕೊಂಡು ಮತ ಹಾಕಬಹುದಿತ್ತು. ಇಪ್ಪತ್ತು ವರ್ಷದಿಂದ ಅಲ್ಲೇ ತೆರಿಗೆ ಕಟ್ಟುತ್ತಿದ್ದ ಜರ್ಮನಿಯವರಿಗೆ, ಪೋಲೆಂಡಿನವರಿಗೆ ಮತವಿರಲಿಲ್ಲ. ಐರ್ಲೆಂಡ್, ಮಾಲ್ಟಾ, ಸೈಪ್ರಸ್ ಪ್ರಜೆಗಳಿಗಷ್ಟೇ ವಿನಾಯಿತಿ. ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದ ಬ್ರಿಟಿಷರಿಗೂ ಮತವಿರಲಿಲ್ಲ. 16–17ರ ಹರೆಯದವರಿಗೆ ಮತ ಕೊಡಬೇಕೆಂದು ಸಂಸತ್ತಿನ ಮೇಲ್ಮನೆ ಲಾರ್ಡ್ಸ್ ಸಭೆ ತಂದ ತಿದ್ದುಪಡಿಯನ್ನು ಕಾಮನ್ಸ್ ತಳ್ಳಿಹಾಕಿತು. ‘ಜನ ಹೇಳಿದ್ದಾರೆ’ ಎನ್ನುವ ಮಾತಿಗೆ ‘ಯಾವ ಜನ?’ ಎಂಬ ಮರುಪ್ರಶ್ನೆ ಬಂದದ್ದು ಹೀಗೆ.

ಎರಡೂ ಕಡೆಯ ವಾದಗಳ ತೂಕ

ಫಲಿತಾಂಶ ಬಂದ ವಾರವೇ ಮರುಮತದಾನ ಕೋರುವ ಮನವಿಗೆ ಸಹಿಗಳ ಮಹಾಪೂರ ಬಂತು. ಕೊನೆಗೆ ಅದು 41 ಲಕ್ಷ ದಾಟಿತು. ಮತದಾನ ಶೇ 75ಕ್ಕಿಂತ ಕಡಿಮೆಯಿದ್ದು ಗೆದ್ದ ಕಡೆಗೆ ಶೇ 60 ಬರದಿದ್ದರೆ ಮತ್ತೊಮ್ಮೆ ಜನಮತ ಕೇಳಬೇಕು ಎಂಬುದು ಅದರ ಬೇಡಿಕೆ. ಆ ಮನವಿಯನ್ನು ಮತದಾನಕ್ಕೆ ಮುಂಚೆ, ತನ್ನ ಕಡೆ ಸೋಲಬಹುದೆಂಬ ಅಳುಕಿನಿಂದ, ಹಾಕಿದ್ದವರು ‘ಲೀವ್’ ಬೆಂಬಲಿಗರೊಬ್ಬರು. 52–48ರ ಅಂತರ ಬಂದರೆ ವಿಷಯ ಅಲ್ಲಿಗೆ ಮುಗಿಯುವುದಿಲ್ಲ ಎಂದು ‘ಲೀವ್’ ಪರ ನಾಯಕ ನೈಜೆಲ್ ಫರಾಜ್ ಮೇ ತಿಂಗಳಲ್ಲೇ ಹೇಳಿದ್ದರು. ಅವರು ಆಗ ಎಣಿಸಿದ್ದದ್ದು ‘ರಿಮೇನ್’ ಪಕ್ಷದ 52. ಬ್ರೆಕ್ಸಿಟ್ ಪರ ಕನ್ಸರ್ವೇಟಿವ್ ಸಂಸದ ಜೇಕಬ್ ರೀಸ್-ಮಾಗ್ 2011ರ ಅಕ್ಟೋಬರಿನಲ್ಲಿ ಕಾಮನ್ಸ್ ಸಭೆಯಲ್ಲೇ ಎರಡು ಜನಮತಗಣನೆ ನಡೆಸಬಹುದು, ಎರಡನೆಯದು ಮಾತುಕತೆ ಮುಗಿದ ಮೇಲೆ ಇರಬಹುದು ಎಂದಿದ್ದರು. ಇನ್ನೂ ಹರಿತವಾದದ್ದು ಅದೇ ಪಕ್ಷದ ಡೇವಿಡ್ ಡೇವಿಸ್ 2002ರಲ್ಲಿ ಆಡಿದ ಮಾತು: ಖಾಲಿ ಹಾಳೆಯ ಮೇಲೆ ಜನರಿಂದ ಮತ ಪಡೆದು, ವಿವರ ಆಮೇಲೆ ನಾವು ತುಂಬುತ್ತೇವೆ ನಂಬಿ ಎನ್ನಬಾರದು. 2016ರ ಜುಲೈನಲ್ಲಿ ಬ್ರೆಕ್ಸಿಟ್ ಖಾತೆಯ ಮೊದಲ ಸಚಿವರಾಗಿ ಆ ಹಾಳೆ ತುಂಬಲು ಕೂತವರು ಇದೇ ಡೇವಿಸ್.

ಇದು ಒಂದೇ ಕಡೆಯ ಚಾಳಿಯಲ್ಲ. ಉಳಿಯಬೇಕೆಂದವರಲ್ಲಿ ಹಲವರು ಮತದಾನಕ್ಕೆ ಮುಂಚೆ ‘ಇದೇ ಅಂತಿಮ’ ಎಂದು ಹೆದರಿಸಿ ಮತ ಕೇಳಿದ್ದರು. ಆಗಿನ ಕನ್ಸರ್ವೇಟಿವ್ ಪ್ರಧಾನಿ ಥೆರೆಸಾ ಮೇ 2019ರ ಜನವರಿಯಲ್ಲಿ ಸ್ಟೋಕ್ ನಗರದಲ್ಲಿ ಮಾಡಿದ ಭಾಷಣಕ್ಕೆ ಮುನ್ನ ಮಾಧ್ಯಮಕ್ಕೆ ಹಂಚಿದ ಪ್ರತಿಯಲ್ಲಿ, 1997ರಲ್ಲಿ ವೇಲ್ಸ್ ವಿಧಾನಸಭೆಗೆ ಶೇ 50.3 ಮಾತ್ರ ಬಂದರೂ ಎರಡೂ ಪಕ್ಷಗಳು ಫಲಿತಾಂಶ ಒಪ್ಪಿಕೊಂಡವು ಎಂಬ ಉದಾಹರಣೆ ಇತ್ತು. ಆ ಫಲಿತಾಂಶ ಬಂದ ಮೇಲೂ ವೇಲ್ಸ್ ಮಸೂದೆಯ ವಿರುದ್ಧ ಮತ ಹಾಕಿದವರಲ್ಲಿ ಸ್ವತಃ ಮೇ ಇದ್ದರು. 2005ರ ಕನ್ಸರ್ವೇಟಿವ್ ಪ್ರಣಾಳಿಕೆ ವೇಲ್ಸ್‌ಗೆ ಮತ್ತೊಂದು ಜನಮತಗಣನೆಯ ಭರವಸೆ ಕೊಟ್ಟಿತ್ತು. ಇದನ್ನು ಪತ್ರಕರ್ತರು ಎತ್ತಿ ತೋರಿಸಿದ ಮೇಲೆ ವೇದಿಕೆಯಲ್ಲಿ ಮಾತು ತುಸು ಬದಲಾಯಿತು.

ನ್ಯಾಯಾಲಯ ಏನು ಹೇಳಿತು? ಒಕ್ಕೂಟದ ಒಪ್ಪಂದದ 50ನೇ ವಿಧಿಯಡಿ ಹೊರಡುವ ಅಧಿಸೂಚನೆ ಕೊಡಲು ಪ್ರಧಾನಿಗೆ ಸ್ವಂತ ಅಧಿಕಾರವಿಲ್ಲ, ಸಂಸತ್ತಿನ ಕಾಯ್ದೆ ಬೇಕು ಎಂದು ಜಿನಾ ಮಿಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಜನವರಿ 24ರಂದು 8–3ರ ಬಹುಮತದಿಂದ ತೀರ್ಪಿತ್ತಿತು. 2011ರ ಕಾಯ್ದೆಗೂ 2015ರ ಕಾಯ್ದೆಗೂ ಇರುವ ವ್ಯತ್ಯಾಸ ಅಲ್ಲಿ ನಿರ್ಣಾಯಕವಾಗಿತ್ತು. ಕೆಳಗಿನ ಕೋರ್ಟ್ ಅದೇ ತೀರ್ಪು ಕೊಟ್ಟಿದ್ದಾಗ ಡೈಲಿ ಮೇಲ್ ಪತ್ರಿಕೆ ಮೂವರು ನ್ಯಾಯಮೂರ್ತಿಗಳ ಚಿತ್ರ ಹಾಕಿ ‘ಜನರ ಶತ್ರುಗಳು’ ಎಂಬ ತಲೆಬರಹ ಕೊಟ್ಟಿತ್ತು. ತಮಾಷೆಯೆಂದರೆ ಆ ತೀರ್ಪಿನಿಂದ ಬ್ರೆಕ್ಸಿಟ್‌ಗೆ ಬಲವೇ ಬಂತು. ಅಧಿಸೂಚನೆ ಮಸೂದೆ 2017ರ ಫೆಬ್ರುವರಿ 1ರಂದು 498–114ರಿಂದ ದ್ವಿತೀಯ ವಾಚನ ದಾಟಿತು. ಸಲಹೆಯಾಗಿದ್ದ ಜನಮತಕ್ಕೆ ಸಂಸತ್ತೇ ಕಾನೂನಿನ ಮುದ್ರೆ ಒತ್ತಿತು. ಮಾರ್ಚ್ 29ಕ್ಕೆ ಪತ್ರ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ತಲುಪಿತು. ಎರಡು ವರ್ಷದ ಗಡಿಯಾರ ಓಡತೊಡಗಿತು. ಎಂಥ ಬ್ರೆಕ್ಸಿಟ್ ಬೇಕೆಂದು ಆಗಲೂ ತೀರ್ಮಾನವಾಗಿರಲಿಲ್ಲ. ಎರಡನೇ ಮತದಾನದ ಪರ ಮುಂದೆ ಗಟ್ಟಿಯಾಗಿ ಮಾತಾಡಿದ ಹಲವು ಸಂಸದರು ಅಂದು ಇದಕ್ಕೆ ಒಪ್ಪಿಗೆ ಕೊಟ್ಟವರೇ. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಅತಿ ದುಬಾರಿ ಮತ ಅದು.

ಪ್ರಚಾರದ ಅಕ್ರಮ ಇನ್ನೊಂದು ವಾದ. ‘ಲೀವ್’ ಪರ ಅಧಿಕೃತ ಪ್ರಚಾರ ನಡೆಸಿದ ವೋಟ್ ಲೀವ್ ಸಂಸ್ಥೆ 70 ಲಕ್ಷ ಪೌಂಡಿನ ಮಿತಿಯನ್ನು ಸುಮಾರು ನಾಲ್ಕೂವರೆ ಲಕ್ಷ ಪೌಂಡ್ ಮೀರಿತ್ತು ಎಂದು ಚುನಾವಣಾ ಆಯೋಗ 2018ರ ಜುಲೈನಲ್ಲಿ ಹೇಳಿ 61,000 ಪೌಂಡ್ ದಂಡ ಹಾಕಿತು. ವಾರಕ್ಕೆ 35 ಕೋಟಿ ಪೌಂಡ್ ಬ್ರಸೆಲ್ಸ್‌ಗೆ ಹೋಗುತ್ತಿದೆ ಎಂದು ಅದು ತನ್ನ ಪ್ರಚಾರದ ಬಸ್ಸಿನ ಮೇಲೆ ಬರೆಸಿದ್ದ ಅಂಕಿಯನ್ನು ಅಂಕಿಅಂಶ ಪ್ರಾಧಿಕಾರ ಮತದಾನಕ್ಕೆ ಮೊದಲೇ ದಾರಿ ತಪ್ಪಿಸುವಂಥದ್ದು ಎಂದಿತ್ತು. ಇತ್ತ ಹಣಕಾಸು ಇಲಾಖೆ, ‘ಲೀವ್’ ಗೆದ್ದರೆ ಎರಡು ವರ್ಷದಲ್ಲಿ ಐದು ಲಕ್ಷಕ್ಕೂ ಹೆಚ್ಚು ಉದ್ಯೋಗ ಹೋಗುತ್ತದೆ ಎಂದು ಹೆದರಿಸಿತ್ತು, ಅದೂ ನಡೆಯಲಿಲ್ಲ. ಅಕ್ರಮದ ಆಧಾರದ ಮೇಲೆ ಫಲಿತಾಂಶವನ್ನು ಪ್ರಶ್ನಿಸಿದ ಅರ್ಜಿ 2018ರ ಡಿಸೆಂಬರಿನಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಜನಮತ ಬರೀ ಸಲಹೆ, ಅಧಿಸೂಚನೆಗೆ ಬಲ ಬಂದದ್ದು ಸಂಸತ್ತಿನ ಕಾಯ್ದೆಯಿಂದ. ಹಾಗಾದರೆ ರದ್ದು ಮಾಡುವುದೇನನ್ನು? ಮತಕ್ಕೆ ಕಾನೂನಿನ ಬಲ ಇದ್ದಿದ್ದರೆ ಅದನ್ನು ಕಾನೂನಿನಿಂದ ಪ್ರಶ್ನಿಸುವ ದಾರಿಯೂ ತೆರೆದಿರುತ್ತಿತ್ತು. ಸ್ವಿಟ್ಜರ್ಲೆಂಡಿನಲ್ಲಿ ಹಾಗೇ ಆಯಿತು. ವಿವಾಹಿತರ ತೆರಿಗೆಯ ಬಗ್ಗೆ 2016ರ ಫೆಬ್ರುವರಿಯಲ್ಲಿ ನಡೆದ ರಾಷ್ಟ್ರೀಯ ಮತದಾನಕ್ಕೆ ಮುನ್ನ ಸರ್ಕಾರ ತೊಂದರೆಗೊಳಗಾದ ಜೋಡಿಗಳು 80,000 ಎಂದಿತ್ತು, ನಿಜದ ಸಂಖ್ಯೆ 4,54,000. ಶೇ 50.8 ‘ಬೇಡ’ ಎಂದಿದ್ದ ಆ ಫಲಿತಾಂಶವನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2019ರ ಏಪ್ರಿಲ್‌ನಲ್ಲಿ ರದ್ದು ಮಾಡಿತು.

ಜನ ಮನಸ್ಸು ಬದಲಿಸಿದರೆ? 2017ರ ಉತ್ತರಾರ್ಧದಿಂದ ಹೆಚ್ಚಿನ ಸಮೀಕ್ಷೆಗಳಲ್ಲಿ ‘ಹೊರಡುವುದು ತಪ್ಪು’ ಎನ್ನುವವರು ಸ್ವಲ್ಪ ಮುಂದಿದ್ದರು. ಆದರೆ ಒಳಹೊಕ್ಕು ನೋಡಿದರೆ ‘ಲೀವ್’ನಿಂದ ‘ರಿಮೇನ್’ಗೆ ಹಾರಿದವರು ಕಡಿಮೆ. 2016ರಲ್ಲಿ ಮತ ಹಾಕದವರು, ಆಮೇಲೆ ಮತದಾನದ ವಯಸ್ಸಿಗೆ ಬಂದವರು ಆ ಅಂತರ ತಂದಿದ್ದರು. ಎರಡನೇ ಮತದಾನ ನಡೆದರೆ 52–48 ತಿರುಗಿ 48–52 ಆಗಬಹುದು, ಅಷ್ಟೇ. ಅಂಥ ಗೆಲುವನ್ನು ಯಾರು ಒಪ್ಪುತ್ತಿದ್ದರು ಎಂಬ ಪ್ರಶ್ನೆಗೆ, ಎರಡನೇ ಮತದಾನ ಕೋರುತ್ತಿದ್ದ ‘ಪೀಪಲ್ಸ್ ವೋಟ್’ ಚಳವಳಿ ಕೊನೆಯವರೆಗೂ ಗಟ್ಟಿ ಉತ್ತರ ಕೊಡಲಿಲ್ಲ.

ಡೆನ್ಮಾರ್ಕ್, ಐರ್ಲೆಂಡ್ ಮತ್ತೆ ಕೇಳಿದ್ದು ಹೇಗೆ

ಐರೋಪ್ಯ ಒಕ್ಕೂಟಕ್ಕೆ ಬುನಾದಿ ಹಾಕಿದ ಮಾಸ್ಟ್ರಿಕ್ಟ್ ಒಪ್ಪಂದವನ್ನು ಡೆನ್ಮಾರ್ಕ್ 1992ರ ಜೂನ್ 2ರಂದು ಶೇ 50.7ರಿಂದ ತಿರಸ್ಕರಿಸಿತು. ಡಿಸೆಂಬರಿನಲ್ಲಿ ಎಡಿನ್‌ಬರೋದಲ್ಲಿ ಸೇರಿದ ನಾಯಕರು ಅದಕ್ಕೆ ನಾಲ್ಕು ವಿನಾಯಿತಿ ಕೊಟ್ಟರು. 1993ರ ಮೇ 18ರಂದು ಶೇ 56.7 ಒಪ್ಪಿದರು. ಅಂದು ರಾತ್ರಿ ಕೋಪನ್‌ಹೇಗನ್‌ನಲ್ಲಿ ಗಲಭೆ ನಡೆದು ಪೊಲೀಸರು ಗುಂಡು ಹಾರಿಸಿದರು, ಹಾಗಾಗಿ ಎಲ್ಲವೂ ಸುಸೂತ್ರವಾಯಿತು ಎನ್ನುವಂತಿಲ್ಲ. ಐರ್ಲೆಂಡ್ ಒಕ್ಕೂಟದ ಮುಂದಿನ ಲಿಸ್ಬನ್ ಒಪ್ಪಂದವನ್ನು 2008ರಲ್ಲಿ ಶೇ 53.4ರಿಂದ ಬೇಡವೆಂದು, ತೆರಿಗೆ, ತಾಟಸ್ಥ್ಯ, ಗರ್ಭಪಾತದ ಕಾನೂನುಗಳ ಬಗ್ಗೆ ಭರವಸೆ ಪಡೆದ ಮೇಲೆ 2009ರಲ್ಲಿ ಶೇ 67.1ರಿಂದ ಒಪ್ಪಿತು.

ಈ ಉದಾಹರಣೆಗಳನ್ನು ಬ್ರಿಟನ್ನಿಗೆ ಹಾಗೇ ಅಂಟಿಸಲಾಗದು. ಅಲ್ಲಿ ಜನರ ಮುಂದೆ ಅಚ್ಚಾದ ಪಠ್ಯವಿತ್ತು. ‘ಬೇಡ’ ಎಂದರೆ ಇದ್ದದ್ದು ಇದ್ದಂತೆ ಮುಂದುವರಿಯುತ್ತಿತ್ತು, ಗಡುವು ಓಡುತ್ತಿರಲಿಲ್ಲ. ಎರಡನೇ ಸಲ ಕೇಳುವಾಗ ಪಠ್ಯಕ್ಕೆ ಏನೋ ಸೇರಿತ್ತು, ಕೇಳಿದ್ದು ಹಾಲಿ ಸರ್ಕಾರವೇ. ಬ್ರಿಟನ್ನಿನಲ್ಲಿ ‘ಹೊರಡು’ ಎಂಬುದು ಇದ್ದ ಸ್ಥಿತಿಯನ್ನೇ ಕೆಡವುವ ಉತ್ತರ, ಮತ್ತು ಸರ್ಕಾರ ಮರುಮತದಾನದ ವಿರುದ್ಧವಿತ್ತು. ಹತ್ತಿರದ ಮಾದರಿ ಬೇಕಿದ್ದರೆ ನ್ಯೂಜಿಲೆಂಡ್ ನೋಡಬೇಕಿತ್ತು. ಅಲ್ಲಿ 1992ರಲ್ಲಿ ಚುನಾವಣಾ ಪದ್ಧತಿ ಬದಲಾಗಬೇಕೆ, ಬದಲಾದರೆ ನಾಲ್ಕರಲ್ಲಿ ಯಾವುದು ಎಂದು ಕೇಳಿದರು. ಶೇ 84.7 ಮಂದಿ ಬದಲಾವಣೆ ಬೇಕೆಂದರು. ಗೆದ್ದ ಪದ್ಧತಿಗೆ ಕಾಯ್ದೆ ಬರೆದು, 1993ರಲ್ಲಿ ಅದನ್ನು ಹಳೆಯದರ ಎದುರು ನಿಲ್ಲಿಸಿದಾಗ ಬಂದ ಒಪ್ಪಿಗೆ ಶೇ 53.9. ವಿವರ ಕಣ್ಣಮುಂದೆ ಬಂದ ಮೇಲೆ ಬೆಂಬಲ ಅಷ್ಟು ಕರಗಿತ್ತು, ಆದರೂ ನಿಯಮ ಮೊದಲೇ ಗೊತ್ತಿದ್ದುದರಿಂದ ಫಲಿತಾಂಶ ನಿಂತಿತು.

ಎರಡನೇ ಮತದಾನಕ್ಕೆ ಬೇಕಿದ್ದ ವಾರಗಳು

‘ಮತ್ತೊಮ್ಮೆ ಕೇಳಿ’ ಎಂಬ ಫಲಕ ಹಿಡಿಯುವುದು ಸುಲಭ. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸಂವಿಧಾನ ಅಧ್ಯಯನ ಘಟಕ 2018ರ ಅಕ್ಟೋಬರಿನಲ್ಲಿ ಲೆಕ್ಕ ಹಾಕಿ ಕನಿಷ್ಠ 22 ವಾರ ಬೇಕು ಎಂದಿತು. ಎರಡೂ ಸದನಗಳಲ್ಲಿ ಮಸೂದೆಗೆ ಸುಮಾರು 11 ವಾರ. ಚುನಾವಣಾ ಆಯೋಗ ಪ್ರಶ್ನೆಯನ್ನು ಮತದಾರರ ಮೇಲೆ ಪರೀಕ್ಷಿಸಿ ವರದಿ ಕೊಡಲು 12 ವಾರ, ಇದನ್ನು ಮಸೂದೆಯ ಜೊತೆಗೇ ನಡೆಸಬಹುದು. ಆಮೇಲೆ ಕಾನೂನುಬದ್ಧ ಪ್ರಚಾರಾವಧಿ 10 ವಾರ. ಜೊತೆಗೆ ಜನಮತಗಣನೆ ಮಸೂದೆಗೆ ಖಜಾನೆಯಿಂದ ಹಣ ಬೇಕು, ಹಣಕಾಸು ನಿರ್ಣಯ ಮಂಡಿಸುವ ಅಧಿಕಾರ ಸರ್ಕಾರದ್ದು. ಸಚಿವರಲ್ಲದ, ಹಿಂದಿನ ಬೆಂಚಿನ ಸಂಸದರು ಬಹುಮತ ಕೂಡಿಸಿದರೂ ಸರ್ಕಾರ ಕೈ ಹಾಕದೆ ಅದನ್ನು ನಡೆಸುವುದು ಬಹುತೇಕ ಅಸಾಧ್ಯ. ಒಕ್ಕೂಟದೊಡನೆ ಥೆರೆಸಾ ಮೇ ಮಾಡಿಕೊಂಡ ನಿರ್ಗಮನ ಒಪ್ಪಂದ ಕಾಮನ್ಸ್‌ನಲ್ಲಿ ಮೊದಲ ಸಲ ಸೋತ 2019ರ ಜನವರಿ 15ರಿಂದ 22 ವಾರ ಎಣಿಸಿದರೆ ಜೂನ್ 18 ಬರುತ್ತದೆ. ಹೊರಡುವ ಗಡುವು ಮಾರ್ಚ್ 29. ವಿಸ್ತರಣೆಗೆ ಉಳಿದ 27 ದೇಶಗಳೂ ಒಪ್ಪಬೇಕು. ಮೇ 23ರ ಐರೋಪ್ಯ ಸಂಸತ್ ಚುನಾವಣೆಯಲ್ಲಿ ಹೊರಡಲಿರುವ ದೇಶವೂ ಪಾಲ್ಗೊಳ್ಳಬೇಕು. ಏಕಪಕ್ಷೀಯವಾಗಿ ಅಧಿಸೂಚನೆ ಹಿಂಪಡೆಯಬಹುದು ಎಂದು ಐರೋಪ್ಯ ನ್ಯಾಯಾಲಯ 2018ರ ಡಿಸೆಂಬರ್ 10ರಂದು ಹೇಳಿತ್ತಾದರೂ, ಜನರನ್ನು ಕೇಳದೆ ಅದನ್ನು ಮಾಡುವ ಧೈರ್ಯ ಯಾವ ದೊಡ್ಡ ಪಕ್ಷಕ್ಕೂ ಆಗ ಇರಲಿಲ್ಲ.

ಪ್ರಶ್ನೆ ಬರೆಯುವುದು ಇನ್ನೂ ಸಿಕ್ಕಿನ ಕೆಲಸ. ಥೆರೆಸಾ ಮೇ ಅವರ ಒಪ್ಪಂದ, ಒಪ್ಪಂದವಿಲ್ಲದ ನಿರ್ಗಮನ, ಉಳಿಯುವುದು ಹೀಗೆ ಮೂರು ಆಯ್ಕೆಗಳಿದ್ದವು. ಎರಡನ್ನಷ್ಟೇ ಇಟ್ಟರೆ ಬಿಟ್ಟುಹೋದವರು ಮೋಸ ಎನ್ನುತ್ತಾರೆ. ಮೂರನ್ನೂ ಇಟ್ಟು ಮೊದಲ–ಎರಡನೇ ಪ್ರಾಶಸ್ತ್ಯ ಕೇಳೋಣ ಎಂದು ಕನ್ಸರ್ವೇಟಿವ್ ಸಂಸದೆ ಜಸ್ಟಿನ್ ಗ್ರೀನಿಂಗ್ 2018ರ ಜುಲೈನಲ್ಲಿ ಸೂಚಿಸಿದರು. ಉದಾಹರಣೆಗೆ ನೂರು ಮತದಾರರಿದ್ದಾರೆ ಎಂದುಕೊಳ್ಳಿ. ಉಳಿಯಲು 42, ಒಪ್ಪಂದಕ್ಕೆ 23, ಒಪ್ಪಂದವಿಲ್ಲದೆ ಹೊರಡಲು 35; ಎರಡೂ ಅಂಚಿನವರ ಎರಡನೇ ಆಯ್ಕೆ ಒಪ್ಪಂದ. ಒಪ್ಪಂದ ಕಡೆಯ ಸ್ಥಾನದಲ್ಲಿದೆ, ಮೊದಲು ಅದೇ ಉದುರುತ್ತದೆ. ಆದರೆ ನೇರ ಸ್ಪರ್ಧೆಯಲ್ಲಿ ನಿಲ್ಲಿಸಿದ್ದರೆ ಅದು ‘ಉಳಿಯುವುದ’ನ್ನು 58–42ರಿಂದ, ‘ಒಪ್ಪಂದವಿಲ್ಲ’ವನ್ನು 65–35ರಿಂದ ಸೋಲಿಸುತ್ತಿತ್ತು. ಹೆಚ್ಚಿನವರಿಗೆ ಮೊದಲ ಇಷ್ಟವಲ್ಲದ, ಎಲ್ಲರೂ ಸಹಿಸಬಹುದಾದ ದಾರಿ ಈ ಪದ್ಧತಿಯಲ್ಲಿ ಮೊದಲ ಸುತ್ತಿಗೇ ಸಾಯುತ್ತದೆ. ಹಾಗಾದರೆ ಎಣಿಕೆಯ ಪದ್ಧತಿ ಆರಿಸಿದವರೇ ಫಲಿತಾಂಶ ಆರಿಸಿದಂತೆ. ಪ್ರಶ್ನೆಯ ಮೇಲೇ ಇನ್ನೊಂದು ವರ್ಷ ಜಗಳವಾಡಬಹುದಿತ್ತು.

ಕಾಮನ್ಸ್ ಸಭೆಯ ಆ ವಾರಗಳು

585 ಪುಟಗಳ ನಿರ್ಗಮನ ಒಪ್ಪಂದ 2019ರ ಜನವರಿ 15ರಂದು 432–202ರಿಂದ ಸೋತಿತು. ಮಾರ್ಚ್ 12ರಂದು 391–242. ಅದೇ ನಿರ್ಣಯವನ್ನು ಬದಲಾವಣೆ ಇಲ್ಲದೆ ಮತ್ತೆ ತರುವಂತಿಲ್ಲ ಎಂದು ಸ್ಪೀಕರ್ ಜಾನ್ ಬರ್ಕೋ ಮಾರ್ಚ್ 18ರಂದು 1604ರಷ್ಟು ಹಳೆಯ ಸಂಪ್ರದಾಯ ತೆಗೆದು ತೋರಿಸಿದರು. ಸಂಸದರು ಒಂದೇ ಪ್ರಶ್ನೆಗೆ ಎರಡೆರಡು ಸಲ ಉತ್ತರಿಸಬಾರದು ಎಂಬ ನಿಯಮ ಎರಡನೇ ಜನಮತದ ವಿರೋಧಿಗಳನ್ನೇ ಕಟ್ಟಿಹಾಕಿತು. ಒಪ್ಪಂದದ ಒಂದು ಭಾಗವನ್ನಷ್ಟೇ ಕತ್ತರಿಸಿ ತಂದ ಮೂರನೇ ಪ್ರಯತ್ನ ಮಾರ್ಚ್ 29ರಂದು 344–286ರಿಂದ ಬಿತ್ತು. ಎತ್ತು ಏರಿಗೆ, ಕೋಣ ನೀರಿಗೆ: ಅಂದು ಪಕ್ಷದ ಮಾತು ಮೀರಿದ 34 ಕನ್ಸರ್ವೇಟಿವರಲ್ಲಿ 28 ಮಂದಿಗೆ ಆ ಒಪ್ಪಂದ ಸಾಕಷ್ಟು ಬ್ರೆಕ್ಸಿಟ್ ಆಗಿರಲಿಲ್ಲ, ಉಳಿದ 6 ಮಂದಿಗೆ ಅದು ವಿಪರೀತ ಬ್ರೆಕ್ಸಿಟ್ ಆಗಿತ್ತು. ಇಬ್ಬರೂ ಒಂದೇ ಬಾಗಿಲಿನಿಂದ ಹೋಗಿ ‘ಬೇಡ’ ಎಂದರು.

ಈ ನಡುವೆ ಮಾರ್ಚ್ 27ರಂದು ಸದನ ಸರ್ಕಾರದ ಕೈಯಿಂದ ಕಾರ್ಯಸೂಚಿ ಕಿತ್ತುಕೊಂಡು ಎಂಟು ಆಯ್ಕೆಗಳ ಮೇಲೆ ಸೂಚಕ ಮತ (ಸದನದ ಒಲವು ತಿಳಿಯಲಷ್ಟೇ ಹಾಕುವ ಮತ) ಹಾಕಿತು. ಒಂದೇ ಕಾಗದದ ಮೇಲೆ ಎಂಟು ಸಾಲು, ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ. ಸಂಪುಟದ ಸಚಿವರು ಮತ ಹಾಕಲಿಲ್ಲ. ಎಂಟೂ ಬಿದ್ದವು. ಯಾವ ಒಪ್ಪಂದಕ್ಕೂ ಜನರ ದೃಢೀಕರಣ ಮತ, ಅಂದರೆ ಎರಡನೇ ಜನಮತ, ಬೇಕೆಂಬ ಮಾರ್ಗರೆಟ್ ಬೆಕೆಟ್ ನಿರ್ಣಯಕ್ಕೆ (ಪರ–ವಿರೋಧ) 268–295, ಕೆನ್ ಕ್ಲಾರ್ಕ್ ಅವರ ಕಸ್ಟಮ್ಸ್ ಒಕ್ಕೂಟಕ್ಕೆ 264–272, ಒಪ್ಪಂದ ಆಗದಿದ್ದರೆ ಅಧಿಸೂಚನೆಯನ್ನೇ ಹಿಂಪಡೆಯಲು 184–293, ಒಪ್ಪಂದವಿಲ್ಲದೆ ಹೊರಡಲು 160–400. ಏಪ್ರಿಲ್ 1ರಂದು ನಾಲ್ಕಕ್ಕೆ ಇಳಿಸಿ ಮತ್ತೆ ಮತ ಹಾಕಿದರು. ಕಸ್ಟಮ್ಸ್ ಒಕ್ಕೂಟ 273–276. ದೃಢೀಕರಣ ಮತ 280–292. ನಾರ್ವೆ ಮಾದರಿ 261–282. ಅದನ್ನು ತಂದಿದ್ದ ನಿಕ್ ಬೋಲ್ಸ್ ಅಲ್ಲೇ ಎದ್ದು ನಿಂತು ಕನ್ಸರ್ವೇಟಿವ್ ಪಕ್ಷ ಬಿಟ್ಟು ಹೊರನಡೆದರು.

ಇಲ್ಲಿ ಕೆಟ್ಟದ್ದೇನು ಎಂದು ನೋಡಬೇಕು. ಕಸ್ಟಮ್ಸ್ ಒಕ್ಕೂಟಕ್ಕೆ ಇಬ್ಬರು ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಸಾಕಿತ್ತು. ದೃಢೀಕರಣ ಮತಕ್ಕೆ ಏಳು ಮಂದಿ. ಅದರ ವಿರುದ್ಧ ಮತ ಹಾಕಿದ, ವಿರೋಧ ಪಕ್ಷವಾದ ಲೇಬರ್‌ನ ಸಂಸದರೇ ಇಪ್ಪತ್ತಕ್ಕೂ ಹೆಚ್ಚು, ಬಹುಪಾಲು ‘ಲೀವ್’ ಕ್ಷೇತ್ರಗಳವರು. ಎರಡನೇ ಮತದಾನ ಬೇಕೆನ್ನುತ್ತಿದ್ದ ಕೆಲವರು ಕಸ್ಟಮ್ಸ್ ಒಕ್ಕೂಟಕ್ಕೆ ಬೆಂಬಲ ಕೊಡಲಿಲ್ಲ, ಅದು ಗೆದ್ದರೆ ತಮ್ಮ ಆಯ್ಕೆ ಸಾಯುತ್ತದೆ ಎಂಬ ಲೆಕ್ಕ. ಪಟ್ಟಿಯಲ್ಲಿ ಹೋಗಬೇಕಾದ ಊರುಗಳನ್ನೂ ಹೋಗುವ ವಾಹನವನ್ನೂ ಒಟ್ಟಿಗೆ ಬರೆದಿದ್ದರು: ಕಸ್ಟಮ್ಸ್ ಒಕ್ಕೂಟ ಒಂದು ಗುರಿ, ದೃಢೀಕರಣ ಮತ ಯಾವ ಗುರಿಗೂ ಜೋಡಿಸಬಹುದಾದ ವಿಧಾನ. ಅವೆರಡನ್ನು ಎದುರಾಳಿಗಳಾಗಿ ನಿಲ್ಲಿಸುವ ಅಗತ್ಯವೇ ಇರಲಿಲ್ಲ. ಕಡಿಮೆ ಮತ ಬಂದದ್ದನ್ನು ಸುತ್ತು ಸುತ್ತಾಗಿ ತೆಗೆದುಹಾಕಿ ಒಂದನ್ನು ಉಳಿಸುವ ನಿಯಮವನ್ನು ಮೊದಲ ದಿನವೇ ಮಾಡಿಕೊಂಡಿದ್ದರೆ ಸದನ ಎಲ್ಲೋ ಒಂದು ಕಡೆ ನಿಲ್ಲಬೇಕಾಗುತ್ತಿತ್ತು. ‘ಎಲ್ಲಕ್ಕೂ ಇಲ್ಲ’ ಎನ್ನುವ ಸೌಲಭ್ಯ ಕೊಟ್ಟಿದ್ದರಿಂದ ಎಲ್ಲರೂ ತಮ್ಮ ಮೊದಲ ಆಯ್ಕೆಗೇ ಜೂಜಾಡಿದರು.

ಏಪ್ರಿಲ್ 10ರ ರಾತ್ರಿ ಬ್ರಸೆಲ್ಸ್ ಗಡುವನ್ನು ಅಕ್ಟೋಬರ್ 31ಕ್ಕೆ ತಳ್ಳಿತು. 29 ವಾರ, ಒಂದು ಜನಮತಗಣನೆಗೆ ಸಾಕಷ್ಟು ಕಾಲ. ಅಧಿಸೂಚನೆ ಹಿಂಪಡೆಯಿರಿ ಎಂಬ ಮನವಿಗೆ ಆ ವೇಳೆಗೆ 60 ಲಕ್ಷ ಸಹಿ ದಾಟಿತ್ತು. ಕಾಲವೂ ಬಂತು, ಸಹಿಯೂ ಬಂತು, ಸದನದಲ್ಲಿ ಬಹುಮತ ಮಾತ್ರ ಬರಲಿಲ್ಲ. ಎರಡನೇ ಜನಮತ ಬೇಕೇ ಎಂದು ಸಂಸದರೇ ಮತ ಹಾಕಲಿ ಎಂಬ ಕಲಮನ್ನು ಮೇ 21ರಂದು ತಮ್ಮ ಹೊಸ ಮಸೂದೆಗೆ ಸೇರಿಸುವುದಾಗಿ ಪ್ರಧಾನಿ ಘೋಷಿಸಿದರು. ಮೂರೇ ದಿನಕ್ಕೆ ರಾಜೀನಾಮೆ ಪ್ರಕಟಿಸಬೇಕಾಯಿತು. ಐರೋಪ್ಯ ಸಂಸತ್ ಚುನಾವಣೆಯಲ್ಲಿ ಕೆಲವೇ ತಿಂಗಳ ಹಿಂದೆ ಹುಟ್ಟಿದ ಬ್ರೆಕ್ಸಿಟ್ ಪಾರ್ಟಿ ಶೇ 30.5, ಲಿಬರಲ್ ಡೆಮಾಕ್ರಟರು ಶೇ 19.6 ಪಡೆದರು; ಆಳುವ ಪಕ್ಷಕ್ಕೆ ಸಿಕ್ಕಿದ್ದು ಶೇ 8.8. ನಡುದಾರಿಯ ಮತದಾರರು ಎರಡೂ ಅಂಚಿಗೆ ಸರಿದಿದ್ದರು.

ಇತ್ಯರ್ಥವಾದ ಬಗೆ

ಬೋರಿಸ್ ಜಾನ್ಸನ್ ಜುಲೈ 24ರಂದು ಪ್ರಧಾನಿಯಾಗಿ ಬಂದರು. ಸಂಸತ್ತನ್ನು ಮುಂದೂಡಿಸಿದರು, ಅದು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟಿನ ಹನ್ನೊಂದೂ ನ್ಯಾಯಮೂರ್ತಿಗಳು ಸೆಪ್ಟೆಂಬರ್ 24ರಂದು ಹೇಳಿದರು. ಕೊನೆಗೆ ಡಿಸೆಂಬರ್ 12ರ ಚುನಾವಣೆ. ಲೇಬರ್ ನಿಲುವು ಹೀಗಿತ್ತು: ಮೂರು ತಿಂಗಳಲ್ಲಿ ಹೊಸ ಒಪ್ಪಂದ, ಆರು ತಿಂಗಳೊಳಗೆ ಜನಮತಗಣನೆ, ಅದರಲ್ಲಿ ನಾಯಕ ಜೆರೆಮಿ ಕಾರ್ಬಿನ್ ತಟಸ್ಥ. ಕಾರ್ಯವಿಧಾನವಾಗಿ ಇದು ಅಸಂಬದ್ಧವಲ್ಲ. ಘೋಷಣೆಯಾಗಿ ಬೀದಿಯಲ್ಲಿ ನಿಲ್ಲಲಾರದು. ಲಿಬರಲ್ ಡೆಮಾಕ್ರಟರು ಬಹುಮತ ಬಂದರೆ ಜನಮತವನ್ನೂ ಕೇಳದೆ ಅಧಿಸೂಚನೆ ಹಿಂಪಡೆಯುತ್ತೇವೆ ಎಂದರು. ಅವರ ನಾಯಕಿ ಜೋ ಸ್ವಿನ್ಸನ್ 149 ಮತಗಳಿಂದ ತಮ್ಮ ಕ್ಷೇತ್ರವನ್ನೇ ಕಳೆದುಕೊಂಡರು. ಕನ್ಸರ್ವೇಟಿವರಿಗೆ ಶೇ 43.6 ಮತ, 365 ಸ್ಥಾನ. ಎರಡನೇ ಮತದಾನ ಅಥವಾ ಹಿಂಪಡೆಯುವಿಕೆಯ ಪರವಿದ್ದ ಪಕ್ಷಗಳ ಮತಗಳನ್ನೆಲ್ಲ ಕೂಡಿದರೆ ಅರ್ಧಕ್ಕಿಂತ ತುಸು ಹೆಚ್ಚಾಗುತ್ತದೆ. ಇದನ್ನು ಸೋತವರು ಸಮಾಧಾನಕ್ಕೆ ಹೇಳಿಕೊಂಡರು. ಆದರೆ ಅತಿ ಹೆಚ್ಚು ಮತ ಪಡೆದವರಿಗೆ ಕ್ಷೇತ್ರ ಒಲಿಯುವ ಪದ್ಧತಿ ಎಲ್ಲರಿಗೂ ಮೊದಲೇ ಗೊತ್ತಿತ್ತು, ಅದಕ್ಕೆ ಅನುಗುಣವಾಗಿ ಬ್ರೆಕ್ಸಿಟ್ ಪಾರ್ಟಿ ಕನ್ಸರ್ವೇಟಿವರು ಹಿಂದೆ ಗೆದ್ದಿದ್ದ 317 ಕ್ಷೇತ್ರಗಳಲ್ಲಿ ಅಭ್ಯರ್ಥಿ ಹಾಕಲಿಲ್ಲ. ಎದುರು ಪಾಳಯಕ್ಕೆ ಆ ಮಟ್ಟದ ಹೊಂದಾಣಿಕೆ ಸಾಧ್ಯವಾಗಲಿಲ್ಲ.

ನಿರ್ಗಮನ ಮಸೂದೆ 2020ರ ಜನವರಿ 9ರಂದು 330–231ರಿಂದ ಕಾಮನ್ಸ್ ದಾಟಿತು, ಜನವರಿ 31ರ ರಾತ್ರಿ 11ಕ್ಕೆ ಬ್ರಿಟನ್ ಹೊರಬಿತ್ತು. ಅಂದಿಗೂ ‘ಹೊರಡುವುದು’ ಎಂದರೆ ವ್ಯಾಪಾರದಲ್ಲಿ ಏನು, ಮೀನುಗಾರಿಕೆಯಲ್ಲಿ ಏನು, ಗಡಿ ತಪಾಸಣೆಯಲ್ಲಿ ಏನು ಎಂದು ತೀರ್ಮಾನವಾಗಿರಲಿಲ್ಲ. ಹನ್ನೊಂದು ತಿಂಗಳ ಸಂಕ್ರಮಣಾವಧಿ ಅದಕ್ಕೇ ಇತ್ತು. ಆ ಉತ್ತರ 1,200ಕ್ಕೂ ಹೆಚ್ಚು ಪುಟಗಳ ವ್ಯಾಪಾರ ಒಪ್ಪಂದವಾಗಿ ಡಿಸೆಂಬರ್ 24ರಂದು ಸಿದ್ಧವಾಯಿತು. ಡಿಸೆಂಬರ್ 30ರಂದು ಸಂಸತ್ತನ್ನು ರಜೆಯ ನಡುವೆ ಕರೆಸಿ, ಅದರ ಮಸೂದೆಯ ಎಲ್ಲ ಹಂತಗಳನ್ನೂ ಎರಡೂ ಸದನಗಳಲ್ಲಿ ಒಂದೇ ದಿನದಲ್ಲಿ ಮುಗಿಸಿದರು. ಕಾಮನ್ಸ್‌ನಲ್ಲಿ 521–73. ಮರುದಿನ ರಾತ್ರಿ 11ಕ್ಕೆ ಅದು ಜಾರಿಗೆ ಬಂತು.